ಬನ್ಸಿನ ರುಚಿ ಮತ್ತು ನೆನಪಿನ ನ್ಯಾಯ

ಪರವೂರಿನಲ್ಲಿ ನೆಲೆಸಿದ ದಕ್ಷಿಣ ಕನ್ನಡದವರ ಮನೆಯಲ್ಲಿ ಭಾನುವಾರ ಬನ್ಸ್ ಕರಿದರೆ, “ಅಮ್ಮ ಮಾಡುತ್ತಿದ್ದ ಹಾಗಿಲ್ಲ” ಎಂಬ ಮಾತು ಒಂದಲ್ಲ ಒಂದು ಬಾಯಿಂದ ಬಂದೇ ಬರುತ್ತದೆ. ಈ ಮಾತು ನಿಜವೇ? ನಿಜವಾದರೂ ನ್ಯಾಯವೇ?

ಸಾಮಗ್ರಿಯೇನೂ ಬದಲಾಗಿಲ್ಲ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಅಡಿಗೆ ಸೋಡಾ. ಮೊಸರಿನ ಹುಳಿಯೂ ಸೋಡಾವೂ ಸೇರಿ ಹುಟ್ಟುವ ಅನಿಲ, ಹಬೆಯೊಡನೆ ಕೂಡಿ ಎಣ್ಣೆಯ ಕಾವಿನಲ್ಲಿ ಬನ್ಸನ್ನು ಉಬ್ಬಿಸುತ್ತದೆ. ಈ ರಸಾಯನಕ್ಕೆ ಮಂಗಳೂರೂ ಒಂದೇ, ಮುಂಬಯಿಯೂ ಒಂದೇ. ವ್ಯತ್ಯಾಸದ ಬಹುಪಾಲು ತಿನ್ನುವವರಲ್ಲಿದೆ. ವಾಸನೆಯ ಸಂದೇಶ ಭಾವನೆಗೂ ನೆನಪಿಗೂ ಸಂಬಂಧಿಸಿದ ಮಿದುಳಿನ ಭಾಗಗಳನ್ನು ಹತ್ತಿರದ ದಾರಿಯಲ್ಲೇ ಮುಟ್ಟುತ್ತದೆ. ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ತ್ 1913ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ, ಚಹಾದಲ್ಲಿ ಅದ್ದಿದ ಒಂದು ತಿನಿಸಿನಿಂದ ಬಾಲ್ಯದ ಊರನ್ನೇ ಎಬ್ಬಿಸಿದ್ದಾನೆ.

ಆದರೆ ನೆನಪು ಪಕ್ಷಪಾತಿ. ಅದು ರುಚಿಯನ್ನು ಉಳಿಸಿಕೊಂಡು ಸೌದೆ ಒಲೆಯ ಹೊಗೆಯನ್ನು ಬಿಟ್ಟುಬಿಡುತ್ತದೆ; ಕಪ್ಪಾದ ಹಣ್ಣನ್ನೂ ಎಸೆಯದೆ ಸಂಸಾರ ತೂಗಿಸಿದ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿಂದ ತಾಯಿಯನ್ನು ಮರೆಯುತ್ತದೆ. ಅಂಥ ಅರ್ಧ ನೆನಪಿನಿಂದ ಇಂದು ಬಾಣಲೆಯ ಮುಂದೆ ಬೆವರುವವಳನ್ನು ಅಳೆದರೆ ಇಬ್ಬರಿಗೂ ಅನ್ಯಾಯ.

ತಾಯಿಯ ಋಣ ಹೋಲಿಕೆಯಿಂದ ತೀರದು. ಲಟ್ಟಣಿಗೆ ಹಿಡಿದು ಜೊತೆಗೆ ನಿಂತರೆ ಸ್ವಲ್ಪವಾದರೂ ತೀರೀತು. ನಮ್ಮ ಮಕ್ಕಳ ನೆನಪಿನಲ್ಲಿ ಉಳಿಯುವುದು ಈ ಪುಟ್ಟ ಅಡಿಗೆಮನೆಯೇ. ಅಲ್ಲಿ ನಾವು ಆಡಿದ ಮಾತೂ ಅದರೊಡನೆ ಉಳಿಯುತ್ತದೆ.