ಗುರುತು

ಯಾವುದನ್ನಾದರೂ ನೋಡಿ "ಇದು ಇಂಥದು" ಎಂದು ಹೇಳುವಾಗ ನಾವು ನಿಜವಾಗಿ ಏನು ಮಾಡುತ್ತೇವೆ? ಅದನ್ನು ತಿಳಿದುಕೊಳ್ಳುತ್ತೇವೆಯೋ, ಅಥವಾ ಇನ್ನು ತಿಳಿಯಬೇಕಾದ್ದೇನೂ ಇಲ್ಲವೆಂದು ಅದರ ಮೇಲೊಂದು ಚೀಟಿ ಅಂಟಿಸಿ ಮುಂದೆ ಹೋಗುತ್ತೇವೆಯೋ? ಸೊಪ್ಪಿನವಳ ಬುಟ್ಟಿಯ ಮುಂದೆ ಕುಳಿತು ಸೊಪ್ಪು ಆರಿಸುವಾಗ ಈ ಪ್ರಶ್ನೆ ಏಳುವುದಿಲ್ಲ. ಮನುಷ್ಯರ ವಿಷಯ ಬಂದಾಗ ಏಳುತ್ತದೆ. ವಿಚಿತ್ರವೆಂದರೆ, ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಮೊದಲನೇ ಮಹಾಯುದ್ಧದ ಕಾಲದ ಫ್ರೆಂಚ್ ವಿಮಾನಗಳು.

ನನ್ನ ತಂಗಿಯ ಮಗನಿಗೆ ಹಳೆಯ ವಿಮಾನಗಳ ಚಿತ್ರ ಕೂಡಿಸುವ ಹುಚ್ಚು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿರುವ, ಮರದ ಕಡ್ಡಿ, ಬಟ್ಟೆ, ತಂತಿಗಳಿಂದ ಕಟ್ಟಿದಂತೆ ಕಾಣುವ ವಿಮಾನಗಳು ಅವು. ಮೇಲುನೋಟಕ್ಕೆ ಎಲ್ಲವೂ ಒಂದೇ. "ದೊಡ್ಡಮ್ಮಾ, ಇವೆರಡೂ ಒಂದೇ ಅಲ್ಲ, ಸರಿಯಾಗಿ ನೋಡಿ" ಎಂದು ಅವನು ಎರಡು ಚಿತ್ರ ಮುಂದಿಟ್ಟರೆ ಮನೆಯವರೆಲ್ಲ ನಗುತ್ತಾರೆ. ನಾನು ಮೇಷ್ಟರ ಕೆಲಸ ಮಾಡುವವಳಾದ್ದರಿಂದ, ಮಗು ಏನನ್ನಾದರೂ ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದರೆ ಪಕ್ಕದಲ್ಲಿ ಕುಳಿತು ನೋಡುವ ಅಭ್ಯಾಸ. ಹಾಗೆ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಬ್ರೆಗೆ 14 ಎಂಬುದು ಅವುಗಳಲ್ಲೊಂದು. ಲೂಯಿ ಬ್ರೆಗೆ ಎಂಬ ಎಂಜಿನಿಯರ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1916ರ ನವೆಂಬರಿನಲ್ಲಿ. ಚೌಕಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಧಾರಾಳವಾಗಿ ಬಳಸಿದ, ಆ ಕಾಲಕ್ಕೆ ಬಲು ಗಟ್ಟಿಮುಟ್ಟಾದ ವಿಮಾನ. ಮುಂದೆ ಚಾಲಕ, ಅವನ ಬೆನ್ನ ಹಿಂದೆ ಇನ್ನೊಬ್ಬ. ಇದರಲ್ಲಿ ಎರಡು ಮುಖ್ಯ ಬಗೆಗಳಿದ್ದವು. ಫ್ರೆಂಚರ ಹೆಸರಿಡುವ ಕ್ರಮ ಅಚ್ಚುಕಟ್ಟಾಗಿತ್ತು. ಸೈನ್ಯಕ್ಕಾಗಿ ಸ್ಥಳ ನೋಡಿ ಬರುವ ವಿಮಾನಕ್ಕೆ ಎ, ಬಾಂಬು ಹಾಕುವುದಕ್ಕೆ ಬಿ, ಶತ್ರು ವಿಮಾನವನ್ನು ಬೆನ್ನಟ್ಟುವುದಕ್ಕೆ ಸಿ; ಅಕ್ಷರದ ಮುಂದಿನ ಅಂಕಿ ಅದರಲ್ಲಿ ಎಷ್ಟು ಜನ ಕೂರುತ್ತಾರೆಂಬುದನ್ನು ಹೇಳುತ್ತದೆ. ಹೀಗಾಗಿ ಬ್ರೆಗೆ 14ರಲ್ಲಿ ಎ2 ಒಂದು, ಬಿ2 ಇನ್ನೊಂದು.

ಇವೆರಡನ್ನು ಬೇರೆ ಮಾಡುವುದು ಹೇಗೆ? ಬಿ2 ವಿಮಾನದಲ್ಲಿ ಹಿಂದೆ ಕೂತವನು ಕೆಳಗಿನ ನೆಲವನ್ನು ನೋಡಲೆಂದು ಪಕ್ಕದಲ್ಲಿ ಸಣ್ಣ ಕಿಟಕಿಗಳಿದ್ದವು. ಕೆಳಗಿನ ರೆಕ್ಕೆ ಸ್ವಲ್ಪ ಉದ್ದ. ಅದರಡಿ ಬಾಂಬು ತೂಗುಹಾಕುವ ಚೌಕಟ್ಟು. ಅಷ್ಟೇ ವ್ಯತ್ಯಾಸ. ಒಂದು ನೋಡಲು ಹೋಗುತ್ತಿತ್ತು, ಇನ್ನೊಂದು ಕೊಲ್ಲಲು. ಒಂದು ಕಿಟಕಿ, ಒಂದು ಗೇಣು ರೆಕ್ಕೆ ಇವುಗಳ ನಡುವೆ ಇಷ್ಟು ದೊಡ್ಡ ಅಂತರ ಅಡಗಿರುತ್ತದೆಂದು ನನಗೆ ಹೊಳೆದಿರಲಿಲ್ಲ.

ಆದರೆ ಒಂದೇ ಗುರುತನ್ನು ನಂಬಿದರೆ ಕೆಟ್ಟೆವು. ನ್ಯೂಪೋರ್ 11 ಮತ್ತು ನ್ಯೂಪೋರ್ 17 ಅಕ್ಕತಂಗಿಯರಂತೆ ಇರುವ ವಿಮಾನಗಳು. ರೆಕ್ಕೆಯ ವಿಸ್ತೀರ್ಣ ಒಂದರದು ಸುಮಾರು 13 ಚದರ ಮೀಟರ್, ಇನ್ನೊಂದರದು ಸುಮಾರು 15. ಫ್ರೆಂಚರು 11ರಲ್ಲಿ ಬಂದೂಕನ್ನು ಮೇಲಿನ ರೆಕ್ಕೆಯ ಮೇಲಿಟ್ಟರು. 17ರಲ್ಲಿ ಸಾಮಾನ್ಯವಾಗಿ ಚಾಲಕನ ಮುಂದೆ ಇಟ್ಟರು. ಹಾಗಾದರೆ ಬಂದೂಕು ನೋಡಿ ಹೇಳಿಬಿಡಬಹುದಲ್ಲ ಎನ್ನುತ್ತೀರಿ. ಇಲ್ಲ, ಅದೇ 17ನ್ನು ಕೊಂಡ ಬ್ರಿಟಿಷರು ಬಂದೂಕನ್ನು ಮತ್ತೆ ರೆಕ್ಕೆಯ ಮೇಲಕ್ಕೇ ಏರಿಸಿದರು! ರೆಕ್ಕೆಯ ಮೇಲಿನ ವೃತ್ತದ ಬಣ್ಣ ನೋಡೋಣವೆಂದರೆ, ಫ್ರೆಂಚರದು ಒಳಗೆ ನೀಲಿ ಹೊರಗೆ ಕೆಂಪು, ಬ್ರಿಟಿಷರದು ಒಳಗೆ ಕೆಂಪು ಹೊರಗೆ ನೀಲಿ. ಅಂದಿನ ಫೋಟೋ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲವಾದ್ದರಿಂದ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಮೂಡುತ್ತಿತ್ತು. ಇದನ್ನು ಅರಿಯದವನಿಗೆ ಚಿತ್ರವೇ ಸುಳ್ಳು ಹೇಳುತ್ತದೆ. ಆದ್ದರಿಂದ ಬಲ್ಲವರು ಕಿಟಕಿ, ರೆಕ್ಕೆ, ಎಂಜಿನ್ನಿನ ಮೂತಿ, ಬಾಲದ ಮೇಲಿನ ಸಂಖ್ಯೆ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಒಂದು ಗುರುತು ಒಪ್ಪದಿದ್ದರೂ ತೀರ್ಪು ಕೊಡದೆ ಕಾಯುತ್ತಾರೆ.

ಯುದ್ಧ 1918ರಲ್ಲಿ ಮುಗಿಯಿತು. ಬ್ರೆಗೆ 14 ಮುಗಿಯಲಿಲ್ಲ. ತುಲೂಸ್ ಊರಿನ ಲಾತೆಕೊಯೆರ್ ಎಂಬ ಉದ್ಯಮಿ ಅದೇ ವಿಮಾನಗಳಲ್ಲಿ ಮೊರಾಕೊಗೆ, ಮುಂದೆ 1925ರ ಹೊತ್ತಿಗೆ ಆಫ್ರಿಕಾದ ಡಕಾರ್‌ವರೆಗೆ ಕಾಗದಪತ್ರ ಕಳಿಸತೊಡಗಿದ. 'ಲಿಟ್ಲ್ ಪ್ರಿನ್ಸ್' ಬರೆದ ಸೇಂತ್-ಎಕ್ಸುಪೆರಿ ಆ ಅಂಚೆ ಹೊತ್ತು ಮರುಭೂಮಿಯ ಮೇಲೆ ಹಾರಿದವರಲ್ಲೊಬ್ಬ. ಇನ್ನು ಕೆಲವು ಬ್ರೆಗೆಗಳ ಹಿಂಭಾಗದಲ್ಲಿ ಎರಡು ಸ್ಟ್ರೆಚರ್‌ಗಳನ್ನಿಟ್ಟು, ಹೊರಗೆ ಕೆಂಪು ಶಿಲುಬೆ ಬರೆದು, ಗಾಯಾಳುಗಳನ್ನು ಆಸ್ಪತ್ರೆಗೆ ಹೊರುವ ಆಂಬುಲೆನ್ಸ್ ಮಾಡಿದರು. 1920ರ ದಶಕದ ಮೊರಾಕೊ ಯುದ್ಧದಲ್ಲಿ ಒಂದು ಬ್ರೆಗೆ ಬೆಟ್ಟದ ಹಳ್ಳಿಗಳವರ ಮೇಲೆ ಬಾಂಬು ಹಾಕುತ್ತಿದ್ದರೆ ಅದರ ಒಡಹುಟ್ಟಿದ ಇನ್ನೊಂದು ಬ್ರೆಗೆ ಫ್ರೆಂಚ್ ಗಾಯಾಳುಗಳನ್ನು ಹೊತ್ತು ತರುತ್ತಿತ್ತು.

ಈಗ ಹೇಳಿ, ಬ್ರೆಗೆ 14 ಎಂದರೇನು? ಕೊಲ್ಲುವ ಯಂತ್ರವೇ, ಕಾಯುವ ಯಂತ್ರವೇ? ಅಡಿಗೆಮನೆಯ ಚಾಕುವಿನ ಹಾಗೆ, ವಸ್ತುವಿಗೆ ಪಾಪಪುಣ್ಯವಿಲ್ಲ, ಹಿಡಿದ ಕೈಗೆ ಮಾತ್ರ ಎಂದು ಥಟ್ಟನೆ ಹೇಳಿಬಿಡಬಹುದು. ನನಗೆ ಆ ಉತ್ತರ ಅರ್ಧ ಮಾತ್ರ ಒಪ್ಪಿಗೆ. ಬಾಂಬಿನ ಚೌಕಟ್ಟು ತಾನಾಗಿ ಬೆಳೆಯಲಿಲ್ಲ. ಯಾರೋ ಯೋಚಿಸಿ, ಅಳತೆ ಹಾಕಿ, ಜೋಡಿಸಿದರು. ಸ್ಟ್ರೆಚರ್ ಕೂಡ ಹಾಗೆಯೇ. ಆ ಸಣ್ಣ ವ್ಯತ್ಯಾಸದಲ್ಲಿಯೇ ಮನುಷ್ಯನ ಆಯ್ಕೆ ಕೂತಿದೆ. ಎರಡೂ ಒಂದೇ ಎಂದು ಉದಾಸೀನದಿಂದ ಹೇಳುವವನು ಆ ಆಯ್ಕೆಯನ್ನೇ ಅಳಿಸಿಹಾಕುತ್ತಾನೆ. ವ್ಯತ್ಯಾಸವನ್ನು ನೋಡುವುದು ಕೇವಲ ಹವ್ಯಾಸವಲ್ಲ, ಒಂದು ನೈತಿಕ ಕೆಲಸವೂ ಹೌದು ಎಂದು ನನಗನ್ನಿಸಿದ್ದು ಹೀಗೆ.

ಆದರೆ ಇಲ್ಲಿಗೇ ಮಾತು ಮುಗಿಸಿದರೆ ನಾವು ಹೆಂಗಸರು ಸುಮ್ಮನೆ ತಲೆಯಾಡಿಸಲಾರೆವು. ಗುರುತು ಹಿಡಿಯುವವರ ಕಣ್ಣಿನ ಪೆಟ್ಟು ನಮಗೆ ಗೊತ್ತು. ನಮ್ಮ ಮನೆಯಲ್ಲಿ ತಂದೆಯವರ ಸೋದರತ್ತೆಯೊಬ್ಬರಿದ್ದರು. ಹದಿನಾರಕ್ಕೆ ಗಂಡ ತೀರಿಕೊಂಡ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಹಳೆಯ ಗ್ರೂಪ್ ಫೋಟೋದಲ್ಲಿ ಅವರು ಕೊನೆಯ ಸಾಲಿನ ಅಂಚಿನಲ್ಲಿದ್ದಾರೆ. ಕೆಂಪು ಸೀರೆ ಆ ಫೋಟೋದಲ್ಲಿ ಕಪ್ಪಾಗಿದೆ, ಮುತ್ತೈದೆಯರ ಹಣೆಯ ಕುಂಕುಮವೂ ಕಪ್ಪಾಗಿದೆ. ಫೋಟೋದ ಕೆಳಗೆ ಗಂಡಸರೆಲ್ಲರ ಹೆಸರಿದೆ. ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ. ಈ ಅತ್ತೆಗೆ ಅದೂ ಇಲ್ಲ. ಎಲ್ಲರ ಬಾಯಲ್ಲಿ ಅವರು "ಮಡಿಯತ್ತೆ".

ಬಾಣಂತಿ ಔಷಧಿಯನ್ನು ಅವರಷ್ಟು ಬಲ್ಲವರು ಆ ಬೀದಿಯಲ್ಲಿರಲಿಲ್ಲ. ಭತ್ತದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದರು. ನಮಗೆಲ್ಲ ಓದಿನ ರುಚಿ ಹತ್ತಿಸಿದವರೂ ಅವರೇ. ಶುಭಕಾರ್ಯಕ್ಕೆ ಹೊರಟವರು ಎದುರಿಗೆ ಅವರನ್ನು ಕಂಡರೆ ಮಾತ್ರ ಒಳಗೆ ಬಂದು ಕುಳಿತು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅವರೂ ಗುರುತನ್ನೇ ಹಿಡಿದಿದ್ದರಲ್ಲವೇ? ಸೀರೆಯ ಬಣ್ಣ, ಬರಿಯ ಹಣೆ, ಬರಿಗೈ ಎಲ್ಲವನ್ನೂ ಸರಿಯಾಗಿಯೇ ನೋಡಿದ್ದರು. ಹಾಗಾದರೆ ತಪ್ಪು ಎಲ್ಲಾಯಿತು?

ತಪ್ಪು ನೋಡಿದ್ದರಲ್ಲಿಲ್ಲ, ನೋಡುವುದನ್ನು ಬೇಗ ನಿಲ್ಲಿಸಿದ್ದರಲ್ಲಿದೆ ಎಂದು ನಾನು ತಿಳಿಯುತ್ತೇನೆ. ವಿಮಾನವನ್ನು ಗುರುತಿಸುವ ಹುಡುಗ ಒಂದು ಕಿಟಕಿ ಕಂಡ ಮಾತ್ರಕ್ಕೆ ತೀರ್ಪು ಕೊಡುವುದಿಲ್ಲ. ಅದು ಮುಂದೆ ಅಂಚೆ ಹೊತ್ತಿತೋ ಗಾಯಾಳುಗಳನ್ನು ಹೊತ್ತಿತೋ ಎಂದು ಹುಡುಕುತ್ತಾನೆ. ಮರಕ್ಕೂ ಬಟ್ಟೆಗೂ ಅವನು ತೋರುವ ಈ ತಾಳ್ಮೆಯನ್ನು ಒಡಹುಟ್ಟಿದವಳಿಗೆ ತೋರದ ಮನೆ ನಮ್ಮದಾಗಿತ್ತು. ಇನ್ನೊಂದು ಮಾತು: ಬಿ2 ಎಂಬ ಚೀಟಿಯಿಂದ ವಿಮಾನಕ್ಕೆ ನೋವಾಗುವುದಿಲ್ಲ. ಮನುಷ್ಯರ ಮೇಲೆ ಅಂಟಿಸಿದ ಚೀಟಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಕೊನೆಕೊನೆಗೆ ಅತ್ತೆಯೇ, ಯಾರಾದರೂ ಹೊರಡುವ ಹೊತ್ತಿಗೆ, ಹೇಳಿಸಿಕೊಳ್ಳದೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಹಾಗೆಂದು ಗುರುತುಗಳೇ ಬೇಡ, ಎಲ್ಲರೂ ಒಂದೇ ಎಂದುಬಿಡೋಣವೇ? ನಲವತ್ತು ಮಕ್ಕಳ ತರಗತಿಯಲ್ಲಿ ನಿಂತವಳಾಗಿ ನಾನು ಅದನ್ನೂ ಒಪ್ಪಲಾರೆ. ಎಲ್ಲರೂ ಒಂದೇ ಎನ್ನುವ ಮೇಷ್ಟರಿಗೆ ಹಿಂದಿನ ಬೆಂಚಿನ ಮಗು ಕಾಣುವುದೇ ಇಲ್ಲ. ದಡ್ಡ, ಜಾಣ ಎಂದು ಎರಡೇ ಚೀಟಿ ಇಟ್ಟುಕೊಂಡವರಿಗೂ ಕಾಣುವುದಿಲ್ಲ. ಲೆಕ್ಕದಲ್ಲಿ ಹಿಂದಿರುವ ಹುಡುಗಿ ಮನೆಯಲ್ಲಿ ತಮ್ಮನನ್ನು ಸಾಕುತ್ತಿದ್ದಾಳೆಂಬುದು ಮೂರನೆಯ, ನಾಲ್ಕನೆಯ ಗುರುತಿನವರೆಗೆ ಹೋದವರಿಗೆ ಮಾತ್ರ ತಿಳಿಯುತ್ತದೆ. ನಮಗೆ ಬೇಕಾದ್ದು ಇನ್ನೂ ಹೆಚ್ಚು ಗುರುತುಗಳು, ಜೊತೆಗೆ ತೀರ್ಪನ್ನು ತಡೆದು ಹಿಡಿಯುವ ಸಂಯಮ.

ಅಮ್ಮನನ್ನು ಕೇಳಿ ಆ ಅತ್ತೆಯ ಹೆಸರು ತಿಳಿದುಕೊಂಡು ಫೋಟೋದ ಹಿಂದೆ ಬರೆದಿಟ್ಟಿದ್ದೇನೆ. ಹೆಸರಿನ ಜೊತೆಗೆ ಔಷಧಿಯ ವಿಷಯವನ್ನೂ, ಭತ್ತದ ಲೆಕ್ಕವನ್ನೂ ಬರೆದಿದ್ದೇನೆ. ನಿಮ್ಮ ಮನೆಯಲ್ಲಿಯೂ ಹೆಸರಿಲ್ಲದ ಹೆಂಗಸರಿರುವ ಇಂಥದೊಂದು ಫೋಟೋ ಇದ್ದೀತು. ಬಲ್ಲವರು ಇರುವಾಗಲೇ ಕೇಳಿ ಬರೆದಿಡಿ.