ಮೇಲ್ ಬೇಡ, ಕಾಲ್ ಮಾಡು

ಆಫೀಸಿನಲ್ಲಿ ನಾಲ್ಕು ವರ್ಷ ಕಳೆದವರಿಗೆಲ್ಲ ಈ ಮಾತು ಗೊತ್ತಿರುತ್ತೆ: "ಅದನ್ನ ಮೇಲ್‌ನಲ್ಲಿ ಹಾಕ್ಬೇಡ, ಕಾಲ್ ಮಾಡು." ಹೇಳೋರಿಗೆ ಕೆಟ್ಟ ಉದ್ದೇಶ ಇರಲೇಬೇಕು ಅಂತೇನಿಲ್ಲ. ಆದ್ರೆ ಫೋನ್ ಇಟ್ಟ ಮೇಲೆ ಯಾರು ಏನು ಹೇಳಿದ್ರು ಅನ್ನೋದಕ್ಕೆ ಗುರುತೇ ಉಳಿಯೋದಿಲ್ಲ.

ಎರಡು ವರ್ಷದ ಹಿಂದೆ ನನಗೂ ಅಂಥದ್ದೊಂದು ಕಾಲ್ ಬಂತು. ಟೆಸ್ಟಿಂಗ್ ಪೂರ್ತಿ ಆಗದ ರಿಲೀಸ್ ಒಂದನ್ನ ಶುಕ್ರವಾರ ರಾತ್ರಿಯೇ ಬಿಡಬೇಕು ಅಂದ್ರು ಮ್ಯಾನೇಜರ್. ನಾನು ಜಾಣ. ರಾತ್ರಿ ಹನ್ನೊಂದೂವರೆಗೆ "ನನ್ನ ಪ್ರಕಾರ ಇದು ಸರಿಯಲ್ಲ" ಅಂತ ಒಂದು ಮೇಲ್ ಹಾಕಿದೆ, ಹತ್ತು ನಿಮಿಷ ಬಿಟ್ಟು ರಿಲೀಸ್ ಮಾಡಿದೆ. ಸೋಮವಾರ ಎಲ್ಲಾ ಕೆಟ್ಟು ಕೂತಿತ್ತು. ಮೀಟಿಂಗ್‌ನಲ್ಲಿ ಆ ಮೇಲ್ ತೋರಿಸಿ ಬಚಾವಾದೆ. ಬೈಸಿಕೊಂಡಿದ್ದು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ನಮ್ಮ ಟೀಮಿನ ಹುಡುಗಿ.

ಈ ಕಥೆಯನ್ನ ನನ್ನ ಸೋದರಮಾವನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ದೆಹಲಿಯಲ್ಲಿ, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಪೂರ್ತಿ ಕೇಳಿ, "ಆ ಮೇಲ್ ಯಾರಿಗೆ ಬರ್ದಿದ್ದು ನೀನು?" ಅಂದ್ರು.

"ಮ್ಯಾನೇಜರಿಗೆ, ಮಾವ."

"ಅಲ್ಲ ಕಣೋ. ಅದನ್ನ ನಿನಗೇ ನೀನು ಬರ್ಕೊಂಡಿದ್ದು."

ಮಾವನ ಕಾಲದಲ್ಲಿ ಫೈಲಿನ ಟಿಪ್ಪಣಿಗಳನ್ನ ಹಸಿರು ಹಾಳೆ ಮೇಲೆ ಬರೀತಿದ್ರು. ಸೆಕ್ಷನ್‌ನಲ್ಲಿ ಹುಟ್ಟಿದ ಫೈಲು ಅಂಡರ್ ಸೆಕ್ರೆಟರಿ, ಡೆಪ್ಯುಟಿ ಸೆಕ್ರೆಟರಿ, ಜಾಯಿಂಟ್ ಸೆಕ್ರೆಟರಿ ಹೀಗೆ ಮೆಟ್ಟಿಲು ಹತ್ತಿ ಇಲಾಖೆಯ ಕಾರ್ಯದರ್ಶಿಯ ಮೇಜಿಗೆ ಬರುತ್ತೆ, ಅಲ್ಲಿಂದ ಸಚಿವರಿಗೆ. ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಬರೆದು ಸಹಿ ಹಾಕ್ತಾರೆ. ಇಲಾಖೆಯ ಆಡಳಿತಕ್ಕೆ ಕಾರ್ಯದರ್ಶಿಯೇ ಮುಖ್ಯಸ್ಥ, ಆದ್ರೆ ಕೊನೆಯ ತೀರ್ಮಾನ ಸಚಿವರದ್ದು. ನಾವು ವೋಟು ಹಾಕಿರೋದು ಸಚಿವರಿಗೆ. ಹಾಗಾದ್ರೆ ನಾವು ಆರಿಸದ, ಹೆಸರೂ ಕೇಳಿರದ ಈ ಹಿರಿಯ ಅಧಿಕಾರಿ ಅಲ್ಲಿ ಯಾಕಿರಬೇಕು?

ಇದಕ್ಕೆ ನಾನು ಓದಿದ ಉತ್ತರಗಳಲ್ಲಿ ಒಳ್ಳೆಯದು ಸರ್ದಾರ್ ಪಟೇಲರದ್ದು. 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಐಸಿಎಸ್ ಅಧಿಕಾರಿಗಳಿಗೆ ಸೇವಾ ಭದ್ರತೆ ಕೊಡೋ ವಿಷಯ ಬಂದಾಗ ಹಲವು ಸದಸ್ಯರು ಸಿಟ್ಟಾಗಿದ್ರು. ಬ್ರಿಟಿಷರ ಕೈಕೆಳಗೆ ನಿಂತು ನಮ್ಮನ್ನ ಜೈಲಿಗೆ ಕಳಿಸಿದವರಿಗೆ ರಕ್ಷಣೆ ಯಾಕೆ? ಪಟೇಲರೂ ಜೈಲಲ್ಲಿ ಇದ್ದು ಬಂದವರೇ. ಆದ್ರೂ ಅವರು ಅಧಿಕಾರಿಗಳ ಪರ ನಿಂತರು. ನನ್ನ ಕಾರ್ಯದರ್ಶಿ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೀಬಹುದು, ಆ ಸ್ವಾತಂತ್ರ್ಯವನ್ನ ನಾನೇ ಕೊಟ್ಟಿದ್ದೀನಿ, ಸಚಿವರಿಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಚಿಕೊಳ್ಳೋರು ನನಗೆ ಬೇಡ ಅನ್ನೋದು ಅವರ ಮಾತಿನ ಸಾರ. ಸುಲಭವಾಗಿ ಕೆಲಸದಿಂದ ಕಿತ್ತುಹಾಕಲಾಗದಂಥ ರಕ್ಷಣೆ ಅಧಿಕಾರಿಗೆ ಇರೋದು ಇದಕ್ಕೇ. ಅದು ಅವನ ಸುಖಕ್ಕಲ್ಲ, ಸಚಿವರಿಗೆ ಸತ್ಯ ಕೇಳಿಸಲಿ ಅಂತ.

ಟಿಪ್ಪಣಿ ಇಲ್ಲದೇ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಹೆಚ್ಚು ವರ್ಷ ಕಾಯಬೇಕಾಗಲಿಲ್ಲ. 1957ರಲ್ಲಿ ಹೊಸದಾಗಿ ಹುಟ್ಟಿದ್ದ ಎಲ್‌ಐಸಿ, ಹರಿದಾಸ್ ಮೂಂದ್ರಾ ಅನ್ನೋ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಸುರಿಯಿತು. ಹೂಡಿಕೆ ಸಮಿತಿಯನ್ನ ಕೇಳಲೇ ಇಲ್ಲ. ಫಿರೋಜ್ ಗಾಂಧಿ ಸಂಸತ್ತಿನಲ್ಲಿ ಎದ್ದು ನಿಂತರು. ವಿಚಾರಣೆ ನಡೆಸಿದ್ದು ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ಸಚಿವರು ಒಪ್ಪಿದ್ರು ಅಂದ್ರು. ಸಚಿವ ಟಿ.ಟಿ. ಕೃಷ್ಣಮಾಚಾರಿ, ನಾನು ಒಪ್ಪಿರಲಿಲ್ಲ ಅಂದ್ರು. ಒಪ್ಪಿಗೆ ಅನ್ನೋದು ಬರೀ ಮಾತಿನಲ್ಲೇ ಇದ್ದಿದ್ದರಿಂದ ಇಬ್ಬರ ನೆನಪೇ ಸಾಕ್ಷಿ. ಕಾರ್ಯದರ್ಶಿ ಮಾಡಿದ್ದಕ್ಕೂ ಸಚಿವರೇ ಹೊಣೆ ಅಂತ ಛಾಗ್ಲಾ ಹೇಳಿದ್ರು. 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು, ಅಧಿಕಾರಿಯೂ ಸೇವೆಯಿಂದ ಹೊರಬಂದರು. ತಮಾಷೆ ನೋಡಿ, ಅದೇ ಎಚ್.ಎಂ. ಪಟೇಲ್ 1977ರಲ್ಲಿ ಹಣಕಾಸು ಸಚಿವರಾದರು.

ಅಲ್ಲಿ ಹೋಗಿದ್ದು ದುಡ್ಡು. 1975ರ ಜೂನ್ 25ರ ರಾತ್ರಿ ಹೋಗಿದ್ದು ಅದಕ್ಕಿಂತ ದೊಡ್ಡದು. ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟ್ ತೆಗೆಯೋಕೆ ಬಂದ ಆದೇಶ ಬಾಯಿಮಾತಿನದ್ದು ಅನ್ನೋದು ಆಮೇಲೆ ಶಾ ಆಯೋಗದ ಮುಂದೆ ಬಯಲಾಯ್ತು. ಮೀಸಾ ಕಾಯ್ದೆಯಲ್ಲಿ ಮೊದಲು ಜನರನ್ನ ಒಳಗೆ ಹಾಕಿ, ಕಾರಣಗಳನ್ನ ಆಮೇಲೆ ತಯಾರು ಮಾಡಿದ ಪ್ರಕರಣಗಳೂ ಹೊರಬಂದವು. ಅಲ್ಲಿದ್ದ ಅಧಿಕಾರಿಗಳೆಲ್ಲ ದುಷ್ಟರೇನಲ್ಲ. "ಮೇಲಿಂದ ಹೇಳಿದ್ದಾರೆ" ಅನ್ನೋ ಎರಡು ಪದ ಅವರಿಗೆ ಸಾಕಾಗಿತ್ತು, ಅಷ್ಟೆ.

ಬಾಯಿಮಾತಿನ ಆದೇಶವನ್ನ ಬರವಣಿಗೆಯಲ್ಲಿ ಖಚಿತ ಮಾಡಿಸಿಕೊಳ್ಳಬೇಕು ಅಂತ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಲ್ಲೇ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಆ ಅರ್ಜಿ ಹಾಕಿದವರು ಟಿ.ಎಸ್.ಆರ್. ಸುಬ್ರಮಣಿಯನ್, ದೇಶದ ಅತ್ಯುನ್ನತ ಅಧಿಕಾರಿಯಾದ ಸಂಪುಟ ಕಾರ್ಯದರ್ಶಿ ಆಗಿದ್ದವರು, ಮತ್ತು ಇತರ ನಿವೃತ್ತ ಅಧಿಕಾರಿಗಳು. ಅಷ್ಟು ಎತ್ತರಕ್ಕೆ ಹೋಗಿ ಬಂದವರೂ ಬರೆದು ಕೊಡಿ ಅಂತ ಕೇಳೋ ಹಕ್ಕಿಗಾಗಿ ಕೋರ್ಟಿಗೆ ಹೋಗಬೇಕಾಯ್ತು.

ಹಾಗಂತ ಎಲ್ಲವನ್ನೂ ಬರೆದಿಟ್ಟರೆ ಮುಗೀತಾ? ಇಲ್ಲೇ ನನಗೆ ಮಾವನ ಪ್ರಶ್ನೆ ಚುಚ್ಚೋದು. ಟಿಪ್ಪಣಿಯಲ್ಲಿ ಎರಡು ಥರ ಇದೆ ಅಂತಾರೆ ಅವರು. ಒಂದು, ತೀರ್ಮಾನ ಬದಲಾಗಲಿ ಅಂತ ಬರೆಯೋದು. ಅದು ಹೊತ್ತಿಗೆ ಮುಂಚೆ ಬರುತ್ತೆ, ಇಂಥ ಕಾರಣಕ್ಕೆ ಬೇಡ, ಬದಲಿಗೆ ಹೀಗೆ ಮಾಡಬಹುದು ಅನ್ನುತ್ತೆ. ಇನ್ನೊಂದು, ಮುಂದೆ ವಿಚಾರಣೆ ಬಂದ್ರೆ ತೋರಿಸೋಕೆ ಅಂತ ಬರೆಯೋದು. ಅದು ಯಾವಾಗಲೂ ತಡವಾಗಿ ಬರುತ್ತೆ, ಅದರಲ್ಲಿ ದಾರಿ ಇರೋದಿಲ್ಲ, ಬರೀ ತಾರೀಖು ಇರುತ್ತೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

"ಬೇಡ ಅಂತ ಬರೆದ ಮೇಲೂ ಸಚಿವರು ಮಾಡಿ ಅಂದ್ರೆ?" ಅಂತ ಕೇಳಿದೆ.

"ಕಾನೂನಿಗೆ ವಿರುದ್ಧ ಅಲ್ಲದಿದ್ರೆ ಮನಸ್ಸಿಟ್ಟು ಮಾಡ್ಬೇಕು. ಜನ ಆರಿಸಿದ್ದು ಅವರನ್ನ, ನಮ್ಮನ್ನಲ್ಲ. ಒಳಗಿಂದೊಳಗೆ ಫೈಲು ಕೂರಿಸಿಕೊಂಡು ಸತಾಯಿಸೋದೂ ಮೋಸಾನೇ. ಕಾನೂನಿಗೆ ವಿರುದ್ಧ ಆದ್ರೆ ಮಾಡ್ಬಾರ್ದು. ಎತ್ತಂಗಡಿ ಆಗುತ್ತೆ, ಆಗ್ಲಿ."

ಹೇಳೋಕೆ ಸುಲಭ. ಮಕ್ಕಳ ಸ್ಕೂಲು, ಮನೆ ಸಾಲ, ವಯಸ್ಸಾದ ಅಪ್ಪ ಅಮ್ಮ ಇರೋ ಅಧಿಕಾರಿಗೆ ಎತ್ತಂಗಡಿ ಸಣ್ಣ ಮಾತಲ್ಲ. ಮಾಡಬಾರದ ಕೆಲಸ ಮತ್ತು ಮಾಡೋಕೆ ಇಷ್ಟವಿಲ್ಲದ ಕೆಲಸ, ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ಆ ಗಳಿಗೆಯಲ್ಲಿ ಗೊತ್ತಾಗೋದೂ ಕಷ್ಟ. ಆದ್ರೆ ಒಂದು ಪರೀಕ್ಷೆಯನ್ನ ಯಾರು ಬೇಕಾದ್ರೂ ಮಾಡಿಕೊಳ್ಳಬಹುದು: ನಾನು ಬರೆದ ಈ "ಬೇಡ"ದಿಂದ ಉಳಿಯೋದು ಯಾರು? ನಾನೊಬ್ಬನೇನಾ, ಅಥವಾ ಈ ತೀರ್ಮಾನದ ಕೆಳಗೆ ಸಿಕ್ಕಿಹಾಕಿಕೊಳ್ಳೋ ಜನರಾ?

ಅವತ್ತು ಮನೆಗೆ ಬಂದು ಆ ಹಳೇ ಮೇಲ್ ತೆಗೆದು ನೋಡಿದೆ. ಮೂರೇ ಸಾಲು. ಯಾವ ಟೆಸ್ಟ್ ಬಾಕಿ ಇದೆ, ಯಾಕೆ ಅಪಾಯ ಅಂತ ಒಂದು ಮಾತಿಲ್ಲ. ಆ ವಿಷಯ ನನಗೆ ಬುಧವಾರವೇ ಗೊತ್ತಿತ್ತು. ಸಿಸಿಯಲ್ಲಿ ನನ್ನ ಪರ್ಸನಲ್ ಐಡಿ ಹಾಕಿಕೊಂಡಿದ್ದೆ, ಸಾಕ್ಷಿಗೆ ಇರಲಿ ಅಂತ.

ಆ ಹುಡುಗಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.