ಸೆರೆಯಲ್ಲಿರುವ ಪರದೇಶಸ್ಥನೂ ನ್ಯಾಯಾಧಿಪತಿಯ ಪ್ರಶ್ನೆಯೂ



ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ವರೆಗೆ ಕಪಿಲೆಯ ಬಯಲಿನಲ್ಲಿ ಬೇಸಾಯ ಮಾಡುವವರಿಗೆ ದೊಡ್ಡಿಯೆಂದರೇನೆಂಬದನ್ನು ಹೇಳಿಕೊಡಬೇಕಾದದ್ದಿಲ್ಲ. ಒಬ್ಬನ ಎಮ್ಮೆ ಮತ್ತೊಬ್ಬನ ಗದ್ದೆಗೆ ನುಗ್ಗಿದರೆ ಅದನ್ನು ಹಿಡಿದು ದೊಡ್ಡಿಗೆ ಕೂಡುತ್ತಿದ್ದರು. ಒಡೆಯನು ದಂಡ ತೆತ್ತು ಬಿಡಿಸಿಕೊಳ್ಳುತ್ತಿದ್ದನು. ಒಡೆಯನು ಬಾರದೆ ಹೋದರೋ? ಬ್ರಿಟಿಷರು 1871ರಲ್ಲಿ ಮಾಡಿದ ದನಗಳ ಕಾಯಿದೆಯಲ್ಲಿ ಅದಕ್ಕೂ ದಿನಗಳ ಲೆಕ್ಕವಿತ್ತು. ಸಾರಿಸಿ, ಕಾದು, ಹರಾಜು ಹಾಕಬೇಕೇ ಹೊರತು ಮೂಕಪ್ರಾಣಿಯನ್ನು ದೊಡ್ಡಿಯಲ್ಲಿಯೇ ಮುದಿಯಾಗುವಂತೆ ಬಿಡಕೂಡದಾಗಿತ್ತು.

ಹೀಗಿರಲಾಗಿ, ರಹದಾರಿಯಿಲ್ಲದೆ ಗಡಿ ದಾಟಿ ಬಂದ ಒಬ್ಬ ಮನುಷ್ಯನನ್ನು ಕುರಿತು ಯೋಚಿಸೋಣ. ಅವನು ತನ್ನ ತಪ್ಪಿಗೆ ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಮುಗಿಸಿದ್ದಾನೆ. ಅವನನ್ನು ಹಿಂದಕ್ಕೆ ಕಳುಹಿಸಬೇಕೆಂದು ಸರಕಾರವು ನಿಶ್ಚಯಿಸಿದೆ. ಆದರೆ ಅವನ ದೇಶವು, ಇವನು ನಮ್ಮವನಲ್ಲ, ಅನ್ನುತ್ತದೆ. ಇಂಥವನನ್ನು ಎಷ್ಟು ದಿನ ಬೀಗದೊಳಗೆ ಇಡಬಹುದು?

ಈ ಮಾತೆತ್ತಿದಾಗ ನಮ್ಮ ಹಿರಿಯರೊಬ್ಬರು, "ಅಯ್ಯಾ, ನಮ್ಮ ಬಡವರೇ ಜಾಮೀನಿಗೆ ಗತಿಯಿಲ್ಲದೆ ಜೈಲಿನಲ್ಲಿ ಬಿದ್ದಿರುವಾಗ ಕಳ್ಳದಾರಿಯಲ್ಲಿ ಬಂದವನಿಗೆ ಕೋರ್ಟು ಯಾಕೆ?" ಎಂದು ಕೇಳಿದರು. ಇದು ಕಠಿಣಹೃದಯದ ಮಾತೆಂದು ನಾನು ತಳ್ಳಿಬಿಡಲಾರೆನು. ಅವರು ಹೇಳಿದ ಬಡವರು ನಿಜವಾಗಿಯೂ ಇದ್ದಾರೆ.

ಆದರೆ ಹೇಬಿಯಸ್ ಕಾರ್ಪಸ್ ಎಂಬ ಅರ್ಜಿಯು ಕೇಳುವದೇನೆಂಬದನ್ನು ಮೊದಲು ತಿಳಿದುಕೊಳ್ಳಬೇಕು. ಸೆರೆಯಲ್ಲಿರುವವನು ಒಳ್ಳೆಯವನೋ ಕೆಟ್ಟವನೋ ಎಂದು ಅದು ಕೇಳುವದಿಲ್ಲ. ಅವನನ್ನು ಹಿಡಿದಿಟ್ಟವನ ಕಡೆಗೆ ತಿರುಗಿ, ಆ ಮನುಷ್ಯನನ್ನು ಇಲ್ಲಿ ತಂದು ನಿಲ್ಲಿಸು, ಯಾವ ಅಧಿಕಾರದಿಂದ ಇಟ್ಟಿದ್ದೀಯೆಂದು ತಿಳಿಸು, ಅನ್ನುತ್ತದೆ. ಸೆರೆಯವನ ಪರವಾಗಿ ಬಂಧುವಾಗಲಿ ಸ್ನೇಹಿತನಾಗಲಿ ಅರ್ಜಿ ಕೊಡಬಹುದು. ದೆಹಲಿಯ ಜೈಲಿನಿಂದ ಸುನಿಲ್ ಬತ್ರಾ ಎಂಬ ಕೈದಿಯು ಮತ್ತೊಬ್ಬ ಕೈದಿಗಾಗಿ ಬರೆದ ಕಾಗದವನ್ನೇ ಸುಪ್ರೀಮ್ ಕೋರ್ಟು ಅರ್ಜಿಯಾಗಿ ಎಣಿಸಿತು. 1772ರಲ್ಲಿ ಇಂಗ್ಲೆಂಡಿನಲ್ಲಿ ಜಮೈಕಕ್ಕೆ ಒಯ್ಯುವದಕ್ಕಾಗಿ ಹಡಗಿನಲ್ಲಿ ಸಂಕೋಲೆ ಹಾಕಿದ್ದ ಸಾಮರ್ಸೆಟ್ ಎಂಬ ದಾಸನು ಬಿಡುಗಡೆಯಾದದ್ದು ಇದೇ ಪ್ರಶ್ನೆಯಿಂದ. ಅವನೂ ಆ ದೇಶದಲ್ಲಿ ಪರದೇಶಸ್ಥನೇ.

ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರ ಹಕ್ಕನ್ನು ಹೇಳುತ್ತದೆ. 21ನೆಯದಾದರೋ ಜೀವವನ್ನೂ ಸ್ವಾತಂತ್ರ್ಯವನ್ನೂ ಕುರಿತು ಹೇಳುವಾಗ ನಾಗರಿಕನೆನ್ನದೆ ವ್ಯಕ್ತಿಯೆನ್ನುತ್ತದೆ. ಇದರಿಂದ ಪರದೇಶಸ್ಥನಿಗೆ ಇಲ್ಲಿ ನೆಲೆಸುವ ಹಕ್ಕು ಬರುವದಿಲ್ಲ. 1955ರಲ್ಲಿ ಹಾನ್ಸ್ ಮುಲ್ಲರ್ ಎಂಬ ಜರ್ಮನಿಯವನ ಮೊಕದ್ದಮೆಯಲ್ಲಿಯೂ, 1991ರಲ್ಲಿ ಬಹುಕಾಲ ಇಲ್ಲಿಯೇ ಇದ್ದ ಬೆಲ್ಜಿಯಮಿನ ಮಿಷನೆರಿಯೊಬ್ಬರ ಮೊಕದ್ದಮೆಯಲ್ಲಿಯೂ, ಹೊರಗೆ ಕಳುಹಿಸುವ ಅಧಿಕಾರವು ಸರಕಾರಕ್ಕೆ ಪೂರ್ಣವಾಗಿ ಉಂಟೆಂದು ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ಅದನ್ನು ನಾನು ಅಲ್ಲಗಳೆಯುವದಿಲ್ಲ. ಕಳುಹಿಸುವದು ಒಂದು, ಇಟ್ಟುಕೊಳ್ಳುವದು ಮತ್ತೊಂದು. ಕಳುಹಿಸುವದಕ್ಕೋಸ್ಕರ ಇಟ್ಟುಕೊಂಡಿರುವಲ್ಲಿ, ಕಳುಹಿಸುವ ದಾರಿಯೇ ಇಲ್ಲವೆಂದಾದ ಮೇಲೆ ಆ ಬೀಗಕ್ಕೆ ಕಾರಣವೇನು ಉಳಿಯಿತು?

ಇದು ದೂರದ ಸಂಗತಿಯಲ್ಲ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಮೊದಲು ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವು 2020ರ ಸುಮಾರಿಗೆ ಇಂಥವರನ್ನು ಇಡುವ ಸ್ಥಳವಾಗಿ ಮಾಡಲ್ಪಟ್ಟಿತು. ಅಸ್ಸಾಮಿನಲ್ಲಿ ಪರದೇಶಸ್ಥರೆಂದು ತೀರ್ಮಾನಿಸಲ್ಪಟ್ಟವರು ಇನ್ನೂ ಹೆಚ್ಚು. 1946ರ ಪರದೇಶಸ್ಥರ ಕಾಯಿದೆಯ ಬದಲಿಗೆ 2025ರಲ್ಲಿ ಹೊಸ ಕಾಯಿದೆಯು ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ.

ಹಿರಿಯರ ಆಕ್ಷೇಪಣೆಗೆ ಬೆಂಗಳೂರಿನ ಒಂದು ಸಂಗತಿಯನ್ನು ಉತ್ತರವಾಗಿ ಕೊಡುತ್ತೇನೆ. 1975ನೇ ಜೂನ್ 26ರಂದು, ತುರ್ತುಪರಿಸ್ಥಿತಿಯು ಸಾರಲ್ಪಟ್ಟಾಗ, ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಆ ಪಟ್ಟಣದಲ್ಲಿ ಹಿಡಿಯಲ್ಪಟ್ಟು ಸೆರೆಮನೆಗೆ ಹಾಕಲ್ಪಟ್ಟರು. ಅವರು ಕರ್ನಾಟಕದ ಹೈಕೋರ್ಟಿಗೆ ಇದೇ ಅರ್ಜಿಯನ್ನು ಕೊಟ್ಟರು. ಕೇಳುವ ಅಧಿಕಾರವೇ ನಿಮಗಿಲ್ಲವೆಂದು ಸರಕಾರವು ವಾದಿಸಿತು. ನಮ್ಮ ಹೈಕೋರ್ಟೂ ಇನ್ನು ಹಲವು ಹೈಕೋರ್ಟುಗಳೂ ಅದನ್ನು ಒಪ್ಪಲಿಲ್ಲ. ಆದರೆ 1976ನೇ ಏಪ್ರಿಲ್ 28ರಂದು ಸುಪ್ರೀಮ್ ಕೋರ್ಟಿನ ಐವರಲ್ಲಿ ನಾಲ್ವರು ಸರಕಾರದ ಪಕ್ಷವನ್ನು ಹಿಡಿದರು. ಒಬ್ಬನನ್ನು ಅನ್ಯಾಯವಾಗಿ ಕೊಂದರೂ ಈಗ ಕೇಳುವ ಹಾಗಿಲ್ಲವೋ ಎಂದು ವಿಚಾರಣೆಯಲ್ಲಿ ಕೇಳಿದ ನ್ಯಾಯಾಧಿಪತಿ ಹೆಚ್. ಆರ್. ಖನ್ನಾ ಒಬ್ಬರೇ ಬೇರೆಯಾಗಿ ಬರೆದರು. ಮುಖ್ಯ ನ್ಯಾಯಾಧಿಪತಿಯ ಸ್ಥಾನವು ಅವರಿಗೆ ತಪ್ಪಿಹೋಯಿತು. ಆ ತೀರ್ಪು ತಪ್ಪೆಂದು 2017ರಲ್ಲಿ ಒಂಬತ್ತು ನ್ಯಾಯಾಧಿಪತಿಗಳು ಹೇಳಿದರು. (ಆ ಮೊಕದ್ದಮೆಯ ಅರ್ಜಿದಾರರಾದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧಿಪತಿಗಳಾಗಿದ್ದರು.) ಅಂದು ಬಾಗಿಲು ಮುಚ್ಚಿದ್ದು ಪರದೇಶಸ್ಥರಿಗೆ ಮಾತ್ರವಲ್ಲ, ಈ ದೇಶದ ಪಾರ್ಲಿಮೆಂಟಿನ ಸದಸ್ಯರಿಗೇ. ಒಂದೇ ಬಾಗಿಲು ಇರುವದು, ಹಿರಿಯರೇ. ಜಾಮೀನಿಲ್ಲದ ನಮ್ಮ ಬಡವನೂ ಅದನ್ನೇ ತಟ್ಟಬೇಕು.

ಪೌಲನು ಕೈಸರೈಯದಲ್ಲಿ ಎರಡು ವರುಷ ಸೆರೆಯಲ್ಲಿದ್ದದ್ದು ನಮಗೆಲ್ಲರಿಗೂ ತಿಳಿದದ್ದೇ. ಫೇಲಿಕ್ಸನು ಅವನಿಗೆ ತೀರ್ಪೂ ಕೊಡಲಿಲ್ಲ, ಬಿಡಲೂ ಇಲ್ಲ. ಸೆರೆಯವನನ್ನು ಕಳುಹಿಸುವಾಗ ಅವನ ಮೇಲಿನ ಅಪರಾಧವೇನೆಂದು ತಿಳಿಸದಿರುವದು ಯುಕ್ತವಲ್ಲವೆಂದು ಹೊಳೆದದ್ದು ಅವನ ತರುವಾಯ ಬಂದ ಫೆಸ್ತನಿಗೆ, ಒಬ್ಬ ರೋಮಾಯ ಅಧಿಕಾರಿಗೆ.

ಬಿಟ್ಟರೆ ಓಡಿಹೋಗನೇ, ಎಂದು ಇನ್ನೂ ಕೇಳಬಹುದು. 2019ರಲ್ಲಿ ಸುಪ್ರೀಮ್ ಕೋರ್ಟು ಅಸ್ಸಾಮಿನ ವಿಷಯದಲ್ಲಿ ಇದನ್ನು ಯೋಚಿಸಿತು. ಮೂರು ವರುಷ ಸೆರೆಯಲ್ಲಿ ಕಳೆದವರನ್ನು ಬಿಡಬಹುದು. ವಿಳಾಸವನ್ನೂ ಬೆರಳಿನ ಗುರುತನ್ನೂ ಕೊಟ್ಟು ವಾರಕ್ಕೊಮ್ಮೆ ಠಾಣೆಗೆ ಬರಬೇಕು. ತಲಾ ಒಂದು ಲಕ್ಷ ರೂಪಾಯಿಗೆ ಇಬ್ಬರು ಭಾರತೀಯರು ಹೊಣೆಯಾಗಬೇಕು. 2020ರಲ್ಲಿ ಆ ಮೂರು ವರುಷವನ್ನು ಎರಡಕ್ಕೂ ಲಕ್ಷವನ್ನು 5,000 ರೂಪಾಯಿಗೂ ಇಳಿಸಿದರು. ಹಣವು ಇಳಿಯಿತು, ಇಬ್ಬರು ಮನುಷ್ಯರು ಮಾತ್ರ ಬೇಕೇ ಬೇಕು. ಇದನ್ನು ಓದಿ ಹೇಳಿದಾಗ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಹೆಸರೇ ಗೊತ್ತಿಲ್ಲದವನಿಗೆ ನಾನು ರುಜು ಹಾಕುವೆನೋ ಇಲ್ಲವೋ, ಈಗ ಹೇಳಲಾರೆ," ಅಂದರು. ನನ್ನನ್ನು ಕೇಳಿದರು. ನಾನೂ ಕೂಡಲೇ ಉತ್ತರ ಕೊಡಲಿಲ್ಲ.